ಬಾಗಿಲು ಹಾಕಿಕೊಂಡು ಹಚ್ಚಿದ ಬಣ್ಣ

ಕಾಲೇಜಿಗೆ ಹೋಗುವ ಹೆಣ್ಣುಮಗಳಿರುವ ಮನೆಯಲ್ಲಿ ಒಂದು ಪುಟ್ಟ ಸೀಸೆ ಎಲ್ಲೋ ಒಂದು ಕಡೆ ಅಡಗಿ ಕುಳಿತಿರುತ್ತದೆ. ಜಾಮಿಟ್ರಿ ಬಾಕ್ಸಿನಲ್ಲಿ, ಹಳೆಯ ಸ್ವೆಟರಿನ ಮಡಿಕೆಯಲ್ಲಿ, ಇಲ್ಲವೇ ಭೌತಶಾಸ್ತ್ರದ ಗೈಡಿನ ಹಿಂದೆ. ಅಂಗೈಯಲ್ಲಿ ಅಡಗುವ ಈ ಸೀಸೆಯ ಸಲುವಾಗಿ ಆ ಮನೆಯಲ್ಲಿ ನಡೆಯುವಷ್ಟು ಮಾತುಕತೆ ಕೆಲವೊಮ್ಮೆ ಅಂಕಪಟ್ಟಿಯ ಸಲುವಾಗಿಯೂ ನಡೆಯುವುದಿಲ್ಲ. ತಂದೆಯ ಕಣ್ಣಿಗೆ ಅದು ಓದಿನ ವೈರಿ. ತಾಯಿಗೆ ಯಾರಾದರೂ ಏನಾದರೂ ಅಂದಾರು ಎಂಬ ಅಳುಕು. ಹುಡುಗಿಯ ಚಿಂತೆಯೇ ಬೇರೆ. ಅಷ್ಟೆಲ್ಲ ಬೈಸಿಕೊಂಡು ಹಚ್ಚಿದ ಬಣ್ಣ ಎರಡು ದಿನವೂ ನಿಲ್ಲುವುದಿಲ್ಲವಲ್ಲ!

ಹುಡುಗಿಯ ಈ ಚಿಂತೆಗೆ ವಿಜ್ಞಾನದಲ್ಲಿ ಉತ್ತರವಿದೆ. ವಿಚಿತ್ರವೆಂದರೆ ಆ ಉತ್ತರದ ಅರ್ಧಭಾಗ ಸೀಸೆಯಲ್ಲಿಲ್ಲ, ಮನೆಯ ಹಿರಿಯರ ಕೈಯಲ್ಲಿದೆ.

ಮೈಸೂರಿನ ಒಂದು ಮನೆಯ ಸಂಗತಿಯನ್ನೇ ನೋಡಿ. ಹುಡುಗಿ ಆಗತಾನೇ ಎರಡನೆಯ ಪಿಯುಸಿಗೆ ಕಾಲಿಟ್ಟಿದ್ದಳು. ಮೇ ತಿಂಗಳಲ್ಲಿ ದೊಡ್ಡಪ್ಪನ ಮಗಳ ಮದುವೆ. ಹಿಂದಿನ ರಾತ್ರಿ ಎಲ್ಲರೂ ಸೀರೆ, ಒಡವೆ, ಬಸ್ಸಿನ ಹೊತ್ತು ಎಂದು ಓಡಾಡುತ್ತಿದ್ದಾಗ ಇವಳು ಕೋಣೆ ಸೇರಿ ಚಿಲಕ ಹಾಕಿಕೊಂಡಳು. ವಾಸನೆ ಹೊರಗೆ ಹೋಗದಿರಲಿ ಎಂದು ಕಿಟಕಿಯನ್ನೂ ಮುಚ್ಚಿದಳು. ಹೊರಗೆ ಗುಡುಗು. ಕರೆಂಟು ಹೋಯಿತು. ಮೊಬೈಲು ಅಪ್ಪನ ಬಳಿ. ದೇವರ ಮನೆಯಿಂದ ತಂದಿಟ್ಟಿದ್ದ ಮೇಣದಬತ್ತಿಯನ್ನು ಹಚ್ಚಿ ಮೇಜಿನ ಮೇಲಿಟ್ಟುಕೊಂಡು, ಹಳೆಯ ಬಣ್ಣವನ್ನು ರಿಮೂವರಿನಿಂದ ಅರೆಬರೆ ಒರೆಸಿ, ಹೊಸ ಬಣ್ಣವನ್ನು ದಪ್ಪಗೆ ಎರಡು ಸಲ ಬಳಿದು, ಹತ್ತೇ ನಿಮಿಷಕ್ಕೆ ಮಲಗಿಬಿಟ್ಟಳು.

ಬೆಳಿಗ್ಗೆ ಎದ್ದಾಗ ಹತ್ತು ಉಗುರುಗಳ ಮೇಲೂ ಹೊದಿಕೆಯ ನೇಯ್ಗೆಯ ಅಚ್ಚು. ಧಾರೆಯ ಹೊತ್ತಿಗೆ ಹೆಬ್ಬೆರಳಿನ ತುದಿ ಬಿಟ್ಟಿತ್ತು. ಊಟದ ಎಲೆಯ ಮುಂದೆ ಸಾರನ್ನ ಕಲಸಿದ ಮೇಲಂತೂ ಬಲಗೈಯ ಬಣ್ಣ ಗೋಡೆಯ ಸುಣ್ಣದಂತೆ ಚಕ್ಕೆಚಕ್ಕೆಯಾಗಿ ಏಳತೊಡಗಿತು. "ಏನೇ ಇದು, ಇದಕ್ಕಿಂತ ಹಚ್ಚದೇ ಇದ್ದಿದ್ದರೆ ಚೆನ್ನಾಗಿತ್ತಲ್ಲೇ" ಎಂದು ಸೋದರತ್ತೆ ಪಂಕ್ತಿಯಲ್ಲೇ ಅಂದುಬಿಟ್ಟರು. ತಂದೆ ಇದೇ ಸಮಯವೆಂದು, "ಎಲ್ಲಾ ದುಡ್ಡು ಕೀಳೋ ಮೋಸ" ಎಂದರು. ಹುಡುಗಿಯೂ ಸೀಸೆಯನ್ನೇ ದೂರಿದಳು.

ಸೀಸೆಯ ತಪ್ಪು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಉಗುರುಬಣ್ಣದ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯನ್ನೋ ಮರದ ನಾರನ್ನೋ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ನೆನೆಸಿ ತಯಾರಿಸುವ ಪದಾರ್ಥ. 1846ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಶೋನ್‌ಬೈನ್. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿಬಟ್ಟೆಯ ಏಪ್ರನ್ನಿನಿಂದ ಒರೆಸಿ ಒಲೆಯ ಬಳಿ ಒಣಗಲು ಹಾಕಿದನಂತೆ, ಅದು ಭುಗ್ಗೆಂದು ಉರಿದು ಮಾಯವಾಯಿತಂತೆ. ಕಥೆ ಎಷ್ಟು ನಿಜವೋ, ಏಪ್ರನ್ ಕಳೆದುಕೊಂಡ ಆ ಹೆಂಗಸು ಏನೆಂದಳೋ ಯಾರೂ ಬರೆದಿಟ್ಟಿಲ್ಲ. ನೈಟ್ರೋಜನ್ ಹೆಚ್ಚಾಗಿ ಸೇರಿದ ಬಗೆ ಬಂದೂಕಿನ ಮದ್ದಾಯಿತು. ಕಡಿಮೆ ಸೇರಿದ ಬಗೆಗೆ ಕರ್ಪೂರ ಬೆರೆಸಿದಾಗ ಸೆಲ್ಯುಲಾಯ್ಡ್ ಆಯಿತು. ಹಳೆಯ ಸಿನಿಮಾ ರೀಲುಗಳೆಲ್ಲ ಈ ಕುಲದವು. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಭಾರತದ ಎಷ್ಟೋ ಹಳೆಯ ಚಿತ್ರಗಳ ರೀಲುಗಳು ಬೂದಿಯಾದದ್ದು ಇದೇ ಗುಣದಿಂದ. ಟೇಬಲ್ ಟೆನಿಸ್ ಚೆಂಡು ಕೂಡ 2014ರಲ್ಲಿ ಬೇರೆ ಪ್ಲಾಸ್ಟಿಕ್ಕಿಗೆ ಬದಲಾಗುವವರೆಗೆ ಸೆಲ್ಯುಲಾಯ್ಡಿನದೇ ಆಗಿತ್ತು.

ಮತ್ತೊಂದು ಕವಲು ಕಾರಿನ ಬಣ್ಣದ ಕಡೆ ಹೋಯಿತು. ಅದಕ್ಕೆ ಮೊದಲು ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ನೈಟ್ರೋಸೆಲ್ಯುಲೋಸ್ ಬಣ್ಣ ಬಂದ ಮೇಲೆ ಆ ಕಾಲ ಬಹಳಷ್ಟು ತಗ್ಗಿತು. ಆ ಕಾರುಬಣ್ಣದ ತಂಗಿಯೇ ಇಂದಿನ ಉಗುರುಬಣ್ಣ. 1932ರಲ್ಲಿ ರೆವ್ಲಾನ್ ಕಂಪನಿ ಶುರುವಾದದ್ದೇ ಉಗುರುಬಣ್ಣದಿಂದ. ಭಾರತದಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆಯನ್ನು ಆರಂಭಿಸಿದರು. ಲ್ಯಾಕ್ಮೆ ಎಂದರೆ ಫ್ರೆಂಚರ ಬಾಯಲ್ಲಿ ನಮ್ಮ ಲಕ್ಷ್ಮಿಯೇ.

ಸೀಸೆಯೊಳಗೆ ಈ ನೈಟ್ರೋಸೆಲ್ಯುಲೋಸ್ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿರುತ್ತದೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಬರುವ, ಹಣ್ಣಿನ ವಾಸನೆಯ ಎಸ್ಟರುಗಳು ಇವೇ. ಜೊತೆಗೆ ಹಿಡಿದುಕೊಳ್ಳಲು ಒಂದು ರಾಳ, ಪದರ ಬಿರುಕು ಬಿಡದೆ ಬಾಗಲೆಂದು ಕರ್ಪೂರದಂಥ ಪದಾರ್ಥ, ಬಣ್ಣದ ಪುಡಿ, ಅದು ತಳಕ್ಕಿಳಿಯದಂತೆ ತಡೆಯಲು ಒಂದು ಬಗೆಯ ಜೇಡಿ. ಮಂಗಳಾರತಿ ತಟ್ಟೆಯ ಕರ್ಪೂರ ಮೊಮ್ಮಗಳ ಉಗುರಿನ ಮೇಲೂ ಇರಬಹುದೆಂದರೆ ಅಜ್ಜಿಯರು ನಂಬಲಿಕ್ಕಿಲ್ಲ.

ಬಣ್ಣ ಹಚ್ಚಿದಾಗ ನಡೆಯುವ ಕೆಲಸ ಒಂದೇ. ದ್ರಾವಕ ಆವಿಯಾಗಿ ಹೋಗಬೇಕು, ಉಳಿದದ್ದು ತೆಳ್ಳನೆಯ ಹಾಳೆಯಾಗಿ ಉಗುರನ್ನು ಕಚ್ಚಿಕೊಳ್ಳಬೇಕು. ದಪ್ಪಗೆ ಬಳಿದರೆ ಮೇಲಿನ ಪೊರೆ ಮೊದಲು ಒಣಗಿ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮುಚ್ಚಿಕೊಳ್ಳುತ್ತದೆ. ಒಳಗಿನ ದ್ರಾವಕಕ್ಕೆ ಹೊರಬರಲು ದಾರಿಯಿಲ್ಲ. ಕೆಳಗೆ ಮೆತ್ತಗೆ, ಮೇಲೆ ಗಟ್ಟಿ. ಮುಟ್ಟಿದರೆ ಅಚ್ಚು ಬೀಳುತ್ತದೆ, ಒತ್ತಿದರೆ ಜಾರುತ್ತದೆ. ಫ್ಯಾನಿನ ರಭಸದ ಗಾಳಿಗೆ ಕೈಯೊಡ್ಡಿದರೂ ಆಗುವುದು ಇದೇ. ತಣ್ಣೀರಿನಲ್ಲಿ ಬೆರಳದ್ದಿದರೆ ಬೇಗ ಒಣಗುತ್ತದೆ ಎಂದು ಗೆಳತಿಯರು ಹೇಳಿಕೊಡುವುದುಂಟು. ಮೇಲ್ಮೈ ಬಿಗಿದಂತೆ ಕಾಣುವುದು ನಿಜ, ಒಳಗೆ ಸಿಕ್ಕಿಬಿದ್ದ ದ್ರಾವಕ ಮಾತ್ರ ಅಲ್ಲೇ ಇರುತ್ತದೆ. ತಣ್ಣೀರಿಗೆ ಅದನ್ನು ಹೊರಗೆಳೆಯುವ ಶಕ್ತಿಯಿಲ್ಲ.

ಇನ್ನು ಕಚ್ಚಿಕೊಳ್ಳುವ ವಿಷಯ. ಮದುವೆಯ ಹಿಂದಿನ ದಿನ ಆ ಮನೆಯಲ್ಲಿ ಎಲ್ಲರಿಗೂ ಎಣ್ಣೆಸ್ನಾನವಾಗಿತ್ತು. ಸಂಜೆ ಜಡೆ ಹಾಕುವಾಗ ಮತ್ತೆ ಕೊಬ್ಬರಿ ಎಣ್ಣೆ. ಎಣ್ಣೆ ಹತ್ತಿದ ಉಗುರಿನ ಮೇಲೆ ಬಣ್ಣ ಹಚ್ಚುವುದೂ ಎಣ್ಣೆ ಬಿದ್ದ ಕಾಗದದ ಮೇಲೆ ಶಾಯಿ ಪೆನ್ನಿನಲ್ಲಿ ಬರೆಯುವುದೂ ಒಂದೇ. ನೀರಿನದು ಇನ್ನೊಂದು ಕಾಟ. ಉಗುರು ಕಲ್ಲಿನಂತೆ ಕಂಡರೂ ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಬಣ್ಣದ ಹಾಳೆಗೆ ಹಾಗೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಸ್ನಾನ ಮುಗಿಸಿ ಬಂದ ತಕ್ಷಣ, ಬಟ್ಟೆ ಒಗೆದ ತಕ್ಷಣ ಹಚ್ಚಿದ ಬಣ್ಣ ಬೇಗ ಏಳುವುದು ಇದರಿಂದ.

ಇದನ್ನೆಲ್ಲ ಆ ಹುಡುಗಿಗೆ ತಿಳಿಸಬಲ್ಲ ಒಬ್ಬರು ಮನೆಯಲ್ಲೇ ಇದ್ದರು, ಅವಳ ತಂದೆ. ಅವರ ಹಳೆಯ ಸ್ಕೂಟರಿಗೆ ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದರು. ಗ್ಯಾರೇಜಿನವನು ಮೊದಲು ಉಪ್ಪುಕಾಗದದಿಂದ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಪ್ರೈಮರ್ ಹೊಡೆದು, ತೆಳುವಾಗಿ ಒಂದರ ಮೇಲೊಂದು ಕೋಟಿಂಗ್ ಕೊಟ್ಟು, ಪ್ರತಿಯೊಂದರ ನಡುವೆ ಕಾದಿದ್ದ. ಮಳೆ ಹಿಡಿದ ದಿನ ಕೆಲಸವನ್ನೇ ನಿಲ್ಲಿಸಿದ್ದ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಹನಿಗಟ್ಟಿದರೆ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜಾಗುತ್ತದೆ. ಇದು ಅಂಥ ಕೆಲಸಗಾರರಿಗೆ ಪುಸ್ತಕವಿಲ್ಲದೆ ಗೊತ್ತು. ತಂದೆ ನಾಲ್ಕು ದಿನ ಸಿಟಿ ಬಸ್ಸಿನಲ್ಲಿ ಓಡಾಡಿ, "ಕೆಲಸ ಅಂದ್ರೆ ಹೀಗಿರಬೇಕು" ಎಂದು ಅವನನ್ನು ಹೊಗಳಿದ್ದರು. ಸ್ಕೂಟರಿಗೆ ನಾಲ್ಕು ದಿನ ಕೊಟ್ಟವರು ಮಗಳ ಹತ್ತು ಉಗುರಿಗೆ ಮುಕ್ಕಾಲು ಗಂಟೆ ಕೊಡಲಿಲ್ಲ. ಹುಡುಗಿ ಅದನ್ನು ಕದ್ದು ತೆಗೆದುಕೊಂಡಳು. ಕದ್ದ ಹೊತ್ತು ಯಾವತ್ತೂ ಸಾಲುವುದಿಲ್ಲ.

ಸಾಲದೇ ಹೋದದ್ದು ಬಣ್ಣಕ್ಕೆ ಮಾತ್ರವಾಗಿದ್ದರೆ ಈ ವಿಷಯವನ್ನು ಇಷ್ಟು ಎಳೆಯಬೇಕಾಗಿರಲಿಲ್ಲ. ಮದುವೆ ಮುಗಿಸಿ ಬಂದ ಮರುದಿನ ಕೋಣೆ ಗುಡಿಸುವಾಗ ತಾಯಿಗೆ ಮೇಜಿನ ಮೇಲೆ ಕರಗಿ ಅಂಟಿದ್ದ ಮೇಣ ಕಂಡಿತು. ಪಕ್ಕದಲ್ಲೇ, ಗೇಣು ದೂರದಲ್ಲಿ, ಬಣ್ಣ ಮೆತ್ತಿದ ಹತ್ತಿಯುಂಡೆಗಳು, ಮುಚ್ಚಳ ಸರಿಯಾಗಿ ತಿರುಗಿಸದ ರಿಮೂವರ್ ಸೀಸೆ. ಅವರು ಬಿಎಸ್ಸಿ ಓದಿದವರಲ್ಲ. ಆದರೆ ಸೀಸೆಯ ಮೇಲಿದ್ದ ಜ್ವಾಲೆಯ ಗುರುತು ಓದಲು ಬಿಎಸ್ಸಿ ಬೇಕಾಗಿರಲಿಲ್ಲ. ಹಾಗೆಯೇ ಮಂಚದ ಮೇಲೆ ಕುಳಿತುಬಿಟ್ಟರು.

ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್, ಇಲ್ಲವೇ ಈಥೈಲ್ ಅಸಿಟೇಟ್. ಅಸಿಟೋನಿನಿಂದ ಬೆಂಕಿ ಹೊತ್ತುವಷ್ಟು ಆವಿ ಏಳಲು ಬೇಸಿಗೆಯ ಬಿಸಿ ಬೇಕಿಲ್ಲ. ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗೇ ಅದು ಸಿದ್ಧ. ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರದೆ ಮೇಜಿನ ಮೇಲೆ, ನೆಲದ ಮೇಲೆ ಹರಿದು, ದೂರದಲ್ಲಿರುವ ದೀಪವನ್ನೋ ಉರಿಯುವ ಒಲೆಯನ್ನೋ ಹುಡುಕಿಕೊಂಡು ಹೋಗಬಲ್ಲದು. ಹೊತ್ತಿಕೊಂಡರೆ ಬೆಂಕಿ ಬಂದ ದಾರಿಯಲ್ಲೇ ಸೀಸೆಯವರೆಗೆ ಮರಳುತ್ತದೆ. ಕಿಟಕಿ ಮುಚ್ಚಿದ, ಒಳಗಿನಿಂದ ಚಿಲಕ ಹಾಕಿದ ಕೋಣೆ. ಸಿಂಥೆಟಿಕ್ ಚೂಡಿದಾರ ತೊಟ್ಟ ಹುಡುಗಿ. ಮೇಣದಬತ್ತಿ. ಮುಂದಿನದನ್ನು ಬರೆಯುವುದು ಬೇಡ. ಅಂದು ಏನೂ ಆಗಲಿಲ್ಲ.

ತಾಯಿ ಬೈಯಲಿಲ್ಲ. ಸಂಜೆ ಮಗಳನ್ನು ಕರೆದು, "ಇನ್ಮೇಲೆ ಹಚ್ಕೊಳ್ಳೋದಿದ್ರೆ ವರಾಂಡದಲ್ಲಿ ಕೂತು ಹಚ್ಕೊ. ಹಗಲು ಹೊತ್ತು. ಬಾಗಿಲು ಮಾತ್ರ ಹಾಕ್ಕೋಬೇಡ" ಎಂದರು. ತಂದೆ ಏನೋ ಅನ್ನಲು ಬಾಯಿ ತೆರೆದರು. "ನಿಮ್ಮ ಸ್ಕೂಟರಿಗೆ ನಾಲ್ಕು ದಿನ ಬೇಕಾಗಿತ್ತಲ್ಲ, ಅವಳಿಗೆ ಒಂದು ಗಂಟೆ ಇರಲಿ ಬಿಡಿ" ಎಂದ ಮೇಲೆ ಪೇಪರ್ ಬಿಡಿಸಿಕೊಂಡರು.

ಮುಂದಿನ ಭಾನುವಾರ, ಬೀಗರ ಔತಣದ ಮುನ್ನಾದಿನ, ಊಟವಾಗಿ ಗಂಟೆ ಕಳೆದ ಮೇಲೆ ಹುಡುಗಿ ವರಾಂಡದಲ್ಲಿ ಹಳೆಯ ದಿನಪತ್ರಿಕೆ ಹಾಸಿಕೊಂಡು ಕುಳಿತಳು. ಪ್ಲಾಸ್ಟಿಕ್ ಸಾಮಾನು, ಕನ್ನಡಕ, ಪಾಲಿಶ್ ಮಾಡಿದ ಮೇಜು ಇವುಗಳ ಹತ್ತಿರ ರಿಮೂವರ್ ಇಟ್ಟುಕೊಳ್ಳಬಾರದು, ಕೆಲವನ್ನು ಅದು ಕರಗಿಸಿಬಿಡುತ್ತದೆ. ಉಗುರನ್ನು ಚಿಕ್ಕದಾಗಿ ಕತ್ತರಿಸಿ, ತುದಿಯನ್ನು ಒಂದೇ ದಿಕ್ಕಿನಲ್ಲಿ ನಯವಾಗಿ ಉಜ್ಜಿದಳು. ಉದ್ದ ಉಗುರು ನೋಡಲು ಚೆಂದವಾದರೂ ತುದಿ ಹೆಚ್ಚು ತಗಲುತ್ತದೆ, ಬಣ್ಣ ಬಿಡುವುದು ಯಾವಾಗಲೂ ತುದಿಯಿಂದಲೇ. ಬುಡದ ಚರ್ಮವನ್ನು ಕತ್ತರಿಸುವ ಚಟ ಕೆಲವರಿಗಿದೆ. ಅದು ಉಗುರಿನ ಬೇರಿಗೆ ರೋಗ ಹೋಗದಂತೆ ತಡೆಯುವ ಬಾಗಿಲು, ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಸಾಕು. ಆಮೇಲೆ ಹಳೆಯ ಬಣ್ಣವಿಲ್ಲದಿದ್ದರೂ ರಿಮೂವರ್ ಹತ್ತಿಯಿಂದ ಪ್ರತಿ ಉಗುರನ್ನೂ ಒಮ್ಮೆ ಒರೆಸಬೇಕು. ಎಣ್ಣೆ ಹೋಗುವುದು ಹೀಗೆ. ಒರೆಸಿದ ಮೇಲೆ ಜಡೆ ಮುಟ್ಟಿಕೊಳ್ಳುವಂತಿಲ್ಲ!

ಸೀಸೆಯನ್ನು ಔಷಧದ ಬಾಟಲಿಯಂತೆ ಕುಲುಕಿದರೆ ಗಾಳಿಗುಳ್ಳೆಗಳು ಸೇರಿ ಉಗುರಿನ ಮೇಲೂ ಗುಳ್ಳೆ ಕಾಣಬಹುದು. ಎರಡು ಅಂಗೈಗಳ ನಡುವೆ ಚಕ್ಕುಲಿ ಹಿಟ್ಟನ್ನು ಉರುಳಿಸುವಂತೆ ಉರುಳಿಸಬೇಕು. ಮೊದಲು ಬೇಸ್ ಕೋಟ್. ಇದು ಗ್ಯಾರೇಜಿನ ಪ್ರೈಮರ್ ಇದ್ದಂತೆ, ಕೆಳಗೆ ಉಗುರನ್ನೂ ಮೇಲೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಗಾಢ ಕೆಂಪು ಬಣ್ಣದ ಕಲೆ ಉಗುರಿಗೆ ಇಳಿದು ಹಳದಿಯಾಗುವುದನ್ನೂ ಕಡಿಮೆ ಮಾಡುತ್ತದೆ. ಕುಂಚವನ್ನು ಸೀಸೆಯ ಬಾಯಿಗೆ ಒರೆಸಿ, ನಡುವೆ ಒಂದು ಗೆರೆ, ಆಚೀಚೆ ಒಂದೊಂದು ಗೆರೆ, ಅಷ್ಟಕ್ಕೇ ಕೈ ತೆಗೆಯಬೇಕು. ಸುತ್ತಲಿನ ಚರ್ಮಕ್ಕೆ ತಾಗಿದರೆ ಅಲ್ಲಿಂದಲೇ ಪದರ ಏಳಲು ಶುರುವಾಗುತ್ತದೆ. ಮೊದಲ ಕೋಟಿನಲ್ಲಿ ಬಣ್ಣ ಅರೆಬರೆಯಾಗಿ, ಉಗುರು ಇಣುಕುವಂತೆ ಕಂಡೀತು. ಬಹುಪಾಲು ಹುಡುಗಿಯರು ಸೋಲುವುದು ಇಲ್ಲೇ, ಇನ್ನಷ್ಟು ಬಳಿಯಲು ಕೈ ತುರಿಸುತ್ತದೆ. ಮೂರು ನಿಮಿಷ ಸುಮ್ಮನಿದ್ದು ಎರಡನೆಯದು ಹಚ್ಚಿದರೆ ಬಣ್ಣ ತಾನಾಗಿ ತುಂಬಿಕೊಳ್ಳುತ್ತದೆ. ಮತ್ತೆ ಮೂರು ನಿಮಿಷ, ಕೊನೆಗೆ ಟಾಪ್ ಕೋಟ್. ಪ್ರತಿ ಸಲವೂ ಕುಂಚವನ್ನು ಉಗುರಿನ ತುದಿಯ ಅಂಚಿನ ಮೇಲೂ ಒಮ್ಮೆ ಎಳೆಯಬೇಕು, ಪುಸ್ತಕಕ್ಕೆ ಬೈಂಡು ಹಾಕುವಾಗ ರಟ್ಟಿನ ಅಂಚನ್ನು ಮಡಿಸಿ ಅಂಟಿಸುವ ಹಾಗೆ. ಮನೆಯಲ್ಲಿ ಹಚ್ಚಿದ ಬಣ್ಣ ವಾರ ನಿಲ್ಲುವುದಕ್ಕೂ ಎರಡೇ ದಿನಕ್ಕೆ ಹೋಗುವುದಕ್ಕೂ ನಡುವಿನ ವ್ಯತ್ಯಾಸ ಬಹಳಮಟ್ಟಿಗೆ ಈ ಅಂಚಿನಲ್ಲಿದೆ.

ಆಮೇಲೆ ಅರ್ಧ ಗಂಟೆ ಕೈಯಲ್ಲಿ ಏನನ್ನೂ ಹಿಡಿಯದೆ ಕೂರಬೇಕು. ಹುಡುಗಿ ರಸಾಯನಶಾಸ್ತ್ರದ ಪುಸ್ತಕವನ್ನು ಮಡಿಲಲ್ಲಿ ತೆರೆದಿಟ್ಟುಕೊಂಡಿದ್ದಳು, ಪುಟ ತಿರುಗಿಸಲು ತಮ್ಮನನ್ನು ಕೂಗಬೇಕಾಗುತ್ತಿತ್ತು. ಅವನು ಪ್ರತಿ ಪುಟಕ್ಕೂ ಒಂದೊಂದು ಚಾಕೊಲೇಟಿನ ಲೆಕ್ಕ ಬರೆದಿಟ್ಟ. ಮುಟ್ಟಿದರೆ ಅಂಟದಿದ್ದರೂ ಒಳಗೆ ಪೂರಾ ಗಟ್ಟಿಯಾಗಲು ಹಲವು ಗಂಟೆಗಳೇ ಬೇಕು. ಆ ರಾತ್ರಿ ಪಾತ್ರೆಗಳನ್ನು ತಾಯಿಯೇ ತೊಳೆದರು. ಮರುದಿನದಿಂದ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಒಳ್ಳೆಯದೇ. ಬಣ್ಣದ ಕೆಳಗಿದ್ದಾಗ ವೈರಿಯಾದ ಎಣ್ಣೆ ಮೇಲಿದ್ದಾಗ ಮಿತ್ರ. ಎರಡು ಮೂರು ದಿನಕ್ಕೊಮ್ಮೆ ತೆಳುವಾಗಿ ಇನ್ನೊಂದು ಟಾಪ್ ಕೋಟ್ ಕೊಟ್ಟರೆ ಹೊಳಪೂ ಉಳಿಯುತ್ತದೆ.

ಇದನ್ನೆಲ್ಲ ನೋಡುತ್ತ ಕುಳಿತಿದ್ದ ಅಜ್ಜಿಗೆ ನಗು. "ಇಷ್ಟೆಲ್ಲ ಯಾಕೆ, ಒಂದು ರಾತ್ರಿ ಗೋರಂಟಿ ಸೊಪ್ಪು ಅರೆದು ಕಟ್ಕೊಂಡ್ರೆ ಆಗಿತ್ತು" ಎಂದರು. ಅಜ್ಜಿಯ ಮಾತಿನಲ್ಲಿ ರಸಾಯನಶಾಸ್ತ್ರವಿದೆ. ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಉಗುರಿನ ಕೆರಾಟಿನ್ ಪ್ರೋಟೀನಿನೊಂದಿಗೆ ಬೆಸೆದುಕೊಳ್ಳುತ್ತದೆ. ಅಂಗೈಯ ಕೆಂಪು ಚರ್ಮ ಉದುರಿದ ಹಾಗೆ ಒಂದೆರಡು ವಾರದಲ್ಲಿ ಮಾಸಿದರೂ ಉಗುರಿನದು ಉಗುರು ಬೆಳೆದು ಕತ್ತರಿಸಿ ಹೋಗುವವರೆಗೆ ಇರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಹೆಚ್ಚುಕಡಿಮೆ ಆರು ತಿಂಗಳ ಬಾಳಿಕೆ. ಉಗುರುಬಣ್ಣ ಮೇಲೆ ಕುಳಿತ ಅತಿಥಿ, ಗೋರಂಟಿ ಒಳಗೆ ಸೇರಿದ ಸೊಸೆ. ಬಾಳಿಕೆಯೊಂದೇ ಬೇಕಾದರೆ ಅಜ್ಜಿಯೇ ಗೆದ್ದರು. ಆದರೆ ಕಪ್ಪು ಮೆಹಂದಿ ಎಂದು ಮಾರುವ ಕೋನುಗಳ ಮಾತು ಬೇರೆ. ಅವುಗಳಲ್ಲಿ ಕೂದಲಿಗೆ ಹಚ್ಚುವ ರಾಸಾಯನಿಕ ಸೇರಿಸಿರುತ್ತಾರೆ, ಚರ್ಮ ಸುಟ್ಟಂತೆ ಗುಳ್ಳೆಯೇಳುವುದುಂಟು.

ಕೊಳ್ಳುವಾಗಲೂ ಒಂದಿಷ್ಟು ಕಣ್ಣಿರಲಿ. ಜಾತ್ರೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ, ಒಳಗೇನಿದೆ ಎಂದು ಎಲ್ಲೂ ಬರೆಯದ ಸೀಸೆ ಬೇಡ. ಟಾಲ್ವೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರನ್ನು ಹಲವು ಕಂಪನಿಗಳು ಕೈಬಿಟ್ಟಿವೆ, ಬಿಟ್ಟದ್ದನ್ನು ಸೀಸೆಯ ಮೇಲೆ ಹೇಳಿಕೊಳ್ಳುತ್ತವೆ. ದೀಪದ ಕೆಳಗೆ ಗಟ್ಟಿಮಾಡುವ ಜೆಲ್ ಬಣ್ಣ ಎರಡು ವಾರ ನಿಲ್ಲುವುದೇನೋ ಹೌದು. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿ ಅಂಟಿಕೊಂಡರೆ ಅದು ಜೀವನಪೂರ್ತಿ ಬಿಡದಿರಬಹುದು. ಓದುವ ಮಕ್ಕಳು ಮನೆಯಲ್ಲಿ ಅದರ ಗೋಜಿಗೆ ಹೋಗದಿರುವುದೇ ಲೇಸು. ಸೀಸೆ ಗಟ್ಟಿಯಾದರೆ ಅದಕ್ಕೆಂದೇ ಸಿಗುವ ಥಿನ್ನರಿನ ಎರಡು ಹನಿ ಸಾಕು, ರಿಮೂವರ್ ಸುರಿದರೆ ಉಳಿದದ್ದೂ ಕೆಡುತ್ತದೆ. ತೆಗೆಯುವಾಗ ಕೆರೆಯಬೇಡಿ. ನೆನೆದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು ತುದಿಯ ಕಡೆಗೆ ಎಳೆಯಿರಿ. ಕೆರೆದಾಗ ಬಣ್ಣದ ಜೊತೆ ಉಗುರಿನ ಮೇಲುಪದರವೂ ಬರುತ್ತದೆ.

ಬೀಗರ ಔತಣದಲ್ಲಿ ಸೋದರತ್ತೆ ಉಗುರನ್ನು ಕಣ್ಣಿಟ್ಟು ನೋಡಿದರೇ ಹೊರತು ಏನೂ ಅನ್ನಲಿಲ್ಲ. ಹುಡುಗಿ ಊರಿಗೆ ಮರಳಿದ ಮೇಲೆ, ಬೇಡಬೇಡವೆಂದರೂ ಅಜ್ಜಿಯ ಎಡಗೈ ತೋರುಬೆರಳಿಗೆ ಅದೇ ಗುಲಾಬಿ ಬಣ್ಣವನ್ನು ಕ್ರಮಪ್ರಕಾರ ನಾಲ್ಕು ಕೋಟು ಹಚ್ಚಿದಳು. "ಒಂದೇ ಬೆರಳಿಗೆ ಸಾಕು, ಮಾನ ಹೋಗುತ್ತೆ" ಎಂದು ಅಜ್ಜಿ ಉಳಿದ ಬೆರಳುಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡರು.

ಹತ್ತು ದಿನದ ಮೇಲೆ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 2020ರ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತವೇ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುತ್ತದೆ. ನಡುವೆ ಗಾಢ ಬಣ್ಣದ ಪರದೆ ಇದ್ದರೆ ಲೆಕ್ಕ ತಪ್ಪಬಹುದು. ಉಗುರಿನ ಸಹಜ ಬಣ್ಣವೂ ವೈದ್ಯರಿಗೆ ಬೇಕು, ರಕ್ತ ಕಡಿಮೆಯಿದೆಯೇ, ನೀಲಿಗಟ್ಟಿದೆಯೇ ಎಂದು ಅವರು ನೋಡುವ ಜಾಗಗಳಲ್ಲಿ ಅದೂ ಒಂದು. ಆಪರೇಷನ್ನಿಗೆ ಹೋಗುವವರು ಬಣ್ಣ ತೆಗೆದು ಹೋಗಬೇಕೆನ್ನುವುದು ಇದಕ್ಕೇ. ಅಜ್ಜಿಯ ಬೆರಳು ಯಾರಿಗೂ ನೆನಪಾಗಿರಲಿಲ್ಲ.

ನರ್ಸ್ ಕೈ ಹಿಡಿದು ನೋಡಿ ನಕ್ಕರು. "ಏನಜ್ಜಿ, ಒಂದಕ್ಕೇ ಹಚ್ಕೊಂಡಿದೀರಲ್ಲ!" ಹತ್ತಿ ತಂದು ಒರೆಸತೊಡಗಿದರು. ಬಣ್ಣ ಹೋಗಲು ಮೂರು ಹತ್ತಿಯುಂಡೆ ಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಂದೆ ಒಳಗಿನ ಮಾತು ಕೇಳಿಸಿಕೊಂಡು ಮಗಳ ಕಡೆ ತಿರುಗಿ, "ಯಾವ ಕಂಪನಿದಮ್ಮ ಅದು?" ಎಂದರು.